ಹಳೆಯ ಕಾರಿನ ಕೆಳಗಿನ ಕಲೆ: ಸೋರುವ ಜಾಗ ಹುಡುಕುವ ಕ್ರಮ

ಕಾರಿನ ಕೆಳಗೆ ಕಲೆ ಕಂಡ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ಎಲ್ಲಿಂದ ಹನಿ ಬೀಳುತ್ತಿದೆಯೋ ಆ ಭಾಗವನ್ನು ಬಿಚ್ಚಿಸಿ ಪ್ಯಾಕಿಂಗ್ (ಎರಡು ಭಾಗ ಕೂಡುವಲ್ಲಿ ಸೋರದಂತೆ ಇಡುವ ಪದರ) ಬದಲಿಸುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಕಲೆ ಮತ್ತೆ ಹಾಜರು. ಆಮೇಲೆ ಇನ್ನೊಂದು ಪ್ಯಾಕಿಂಗ್, ಒಂದು ಆಯಿಲ್ ಸೀಲ್ (ತಿರುಗುವ ದಂಡದ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ), ಕೊನೆಗೆ ಬೇರೊಂದು ಗ್ಯಾರೇಜು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದು ಇದಕ್ಕೇ.

ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಂಜಿನ್ನಿನ ಮೇಲ್ಭಾಗದಲ್ಲಿ ಹೊರಬಿದ್ದ ಎಣ್ಣೆ ಅದರ ಮೈಗುಂಟ ಇಳಿಯುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ, ಕೊನೆಗೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯಾದ ಚೇಂಬರಿನ ಅತಿ ತಗ್ಗಾದ ಮೂಲೆಯಿಂದ ತೊಟ್ಟಿಕ್ಕುತ್ತದೆ. ತಪ್ಪು ಮೇಲಿನವರದು, ಶಿಕ್ಷೆ ಚೇಂಬರಿಗೆ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕು ಮಣ್ಣಿನದು. ಗದಗ, ಅಣ್ಣಿಗೇರಿ, ನವಲಗುಂದ ಕಡೆಯ ಎರೆಮಣ್ಣಿನ ಹಾದಿಗಳಲ್ಲಿ ಮಳೆಗಾಲ ಕಳೆದ ಕಾರಿನ ತಳದಲ್ಲಿ ಕಪ್ಪು ಕೆಸರು ಹೆಪ್ಪುಗಟ್ಟಿರುತ್ತದೆ. ಅದು ಒಂದಿಷ್ಟು ಎಣ್ಣೆ ಹೀರಿದರೂ ಸಾಕು, ಇಡೀ ತಳವೇ ಸೋರುತ್ತಿರುವಂತೆ ಕಾಣುತ್ತದೆ. ಧಾರವಾಡದಲ್ಲಿ ಕಾಟ ಬೇರೆ: ಏರಿನಲ್ಲಿ ನಿಲ್ಲಿಸಿದ ಕಾರಿನ ಹನಿ ಬಿದ್ದ ಜಾಗ ಬಿಟ್ಟು ಕೆಳಕ್ಕೆ ಹರಿದಿರುತ್ತದೆ.

ಕೆಳಗಿನ ಕ್ರಮ ಮಾರುತಿ 800, ಜೆನ್, ಆಲ್ಟೊ, ಸ್ಯಾಂಟ್ರೊ, ಇಂಡಿಕಾದಂತೆ ಎಂಜಿನ್ ಮುಂದಿದ್ದು ಮುಂದಿನ ಚಕ್ರಗಳಿಂದಲೇ ಓಡುವ ಕಾರುಗಳಿಗೆ ನೇರವಾಗಿ ಹೊಂದುತ್ತದೆ. ಓಮ್ನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ವ್ಯತ್ಯಾಸವಿರುವ ಕಡೆ ಹೇಳಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಐದನೆಯ ಹಂತ ಮುಗಿಯುವ ತನಕ ಪಾನಾ ಡಿಕ್ಕಿಯಲ್ಲೇ ಇರಲಿ.

ಎಲ್ಲಕ್ಕಿಂತ ಮೊದಲು: ಕಾರು ಓಡಿಸಬಾರದ ಮೂರು ಸಂದರ್ಭಗಳು

ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ, ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಜಾರಿದರೆ, ಅಥವಾ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿದ್ದರೆ ಕಾರನ್ನು ಓಡಿಸಬೇಡಿ. 'ಗ್ಯಾರೇಜು ಹತ್ತಿರವೇ ಇದೆ, ಹ್ಯಾಂಡ್‌ಬ್ರೇಕಿನಲ್ಲಿ ಹೋಗುತ್ತೇನೆ' ಎನ್ನುವುದು ಬೇಡ. ಮಿಸ್ತ್ರಿಯನ್ನು ಮನೆಗೆ ಕರೆಸಿ ಅಥವಾ ಕಾರನ್ನು ಎತ್ತಿಸಿ ಕಳುಹಿಸಿ.

ಪೆಟ್ರೋಲ್ ವಾಸನೆಯೊಂದಿಗೆ ಹಸಿ ಕಲೆ ಇದ್ದರೆ ಚಾವಿ ತಿರುಗಿಸಬೇಡಿ. ಮುಚ್ಚಿದ ಪೋರ್ಚಿನಲ್ಲಿದ್ದರೆ ಅಲ್ಲಿನ ದೀಪದ ಸ್ವಿಚ್ ಕೂಡ ಒತ್ತಬೇಡಿ. ಗೇಟು ಪೂರ್ತಿ ತೆರೆದು, ಕಾರನ್ನು ನ್ಯೂಟ್ರಲ್‌ನಲ್ಲಿ ತಳ್ಳಿ ಬಯಲಿಗೆ ತನ್ನಿ. ಹತ್ತಿರ ಯಾರೂ ಬೀಡಿ-ಸಿಗರೇಟು ಹಚ್ಚದಂತೆ ನೋಡಿಕೊಳ್ಳಿ.

ಟೆಂಪರೇಚರ್ ಮುಳ್ಳು ಮೇಲೇರಿದ್ದರೆ ಎಂಜಿನ್ ಆರಿಸಿ ಕಾಯಿರಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆಗೆಯಲೇಬಾರದು. ಆ ಮುಚ್ಚಳದ ಮೇಲೆ ಸಾಮಾನ್ಯವಾಗಿ 0.9 ಅಥವಾ 1.1 ಎಂದು ಬರೆದಿರುತ್ತದೆ. ಅದು ಒಳಗೆ ಹಿಡಿದಿಡುವ ಒತ್ತಡದ ಅಳತೆ. ಅಷ್ಟು ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕುಳಿತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಅಷ್ಟೂ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಬೇಕಾಗುವ ಸಾಮಾನು

ಫ್ರಿಜ್ ಅಥವಾ ಟಿವಿ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ ಮಾಡಿದ ದೊಡ್ಡ ಹಾಳೆ, ಸ್ಕೆಚ್ ಪೆನ್, ಬಿಳಿ ಟಿಶ್ಯೂ ಕಾಗದ, ಕಾಗದದ ಲೋಟ, ಒಳ್ಳೆಯ ಬೆಳಕಿನ ಟಾರ್ಚ್, ರಬ್ಬರ್ ಕೈಗವಸು, ಹಳೆಯ ಹತ್ತಿ ಅರಿವೆ, ಚಿಕ್ಕ ಕನ್ನಡಿ, ಅಗ್ಗದ ಟಾಲ್ಕಂ ಪೌಡರ್ ಡಬ್ಬಿ. ಜತೆಗೆ ಕ್ಯಾಮೆರಾ ಇರುವ ಮೊಬೈಲ್. ಇಷ್ಟರಲ್ಲಿ ಮುಕ್ಕಾಲು ಪಾಲು ಸೋರಿಕೆಗಳ ಜಾಡು ಸಿಗುತ್ತದೆ.

ಕಾರಿನ ಕೆಳಗೆ ಹೋಗುವ ಮಾತು ಬೇರೆ. ಕಾರಿನ ಜತೆ ಬಂದ ಜಾಕಿ ಇರುವುದು ಸ್ಟೆಪ್ನಿ ಬದಲಿಸುವುದಕ್ಕೆ ಮಾತ್ರ. ಅದರ ಭರವಸೆಯ ಮೇಲೆ ಕೈಯನ್ನೂ ಕೆಳಗೆ ಹಾಕಬಾರದು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಪೇರಿಸುವವರಿದ್ದಾರೆ. ಅವು ಮುನ್ಸೂಚನೆ ಕೊಡದೆ ಸೀಳುತ್ತವೆ. ತೂಕ ಹೊರುವ ಎರಡು ಜಾಕ್ ಸ್ಟ್ಯಾಂಡುಗಳಿಲ್ಲದಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮತ್ತು ಬೆಳಕು ಎರಡನ್ನೂ ಚಾಲೂ ಮಾಡಿ, ಕಡ್ಡಿಗೆ ಕಟ್ಟಿ ಕೆಳಗೆ ತೂರಿಸಿ. ನೀವು ತಲೆ ಹಾಕುವುದಕ್ಕಿಂತ ಅದು ಚೆನ್ನಾಗಿ ನೋಡುತ್ತದೆ.

ಹಂತ 1: ಸಮತಟ್ಟು ಜಾಗ, ರಟ್ಟಿನ ನಕ್ಷೆ

ಮೊದಲು ಸಮತಟ್ಟಾದ ಜಾಗ ಹುಡುಕಿ. ಅಂಗಳದಲ್ಲಿ ಫರ್ಸಿ ಹಾಸಿದ್ದರೆ ಅದು ನೀರು ಹೋಗಲೆಂದು ಒಂದು ಕಡೆಗೆ ವಾಲಿಸಿಯೇ ಇರುತ್ತದೆ. ಆದ್ದರಿಂದ ಒಂದು ಲೋಟ ನೀರು ಚೆಲ್ಲಿ ಯಾವ ಕಡೆ ಹೋಗುತ್ತದೆ ನೋಡಿಕೊಳ್ಳಿ.

ಕಾರು ನಿಲ್ಲಿಸಿ, ಮುಂದಿನ ಬಂಪರಿನಿಂದ ಮುಂದಿನ ಸೀಟಿನ ತನಕ ಬರುವಂತೆ ರಟ್ಟು ಹಾಸಿ. ಅದರ ಮೇಲೆ ಎಡ ಚಕ್ರ, ಬಲ ಚಕ್ರ, ಮುಂದಿನ ಬಂಪರ್ ಎಲ್ಲಿ ಬರುತ್ತವೆ ಎಂದು ಪೆನ್ನಿನಿಂದ ಬರೆಯಿರಿ. ಈ ಒಂದು ನಿಮಿಷದ ಕೆಲಸ ಬಿಟ್ಟವರು ಮರುದಿನ ರಟ್ಟು ಹೊರಗೆಳೆದು, ಕಲೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ತಲೆ ಕೆರೆದುಕೊಳ್ಳುತ್ತಾರೆ. ಹಿಂದಿನ ಚಕ್ರಗಳ ಕೆಳಗೂ ಒಂದೊಂದು ತುಂಡು ಇರಲಿ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇರುವುದರಿಂದ ರಟ್ಟು ಇನ್ನೂ ಹಿಂದಕ್ಕೆ ಸರಿಯಬೇಕು.

ಒಂದು ರಾತ್ರಿ ಎಸಿ ಹಾಕದೆ ಓಡಿಸಿ ತಂದು ನಿಲ್ಲಿಸಿ, ಇನ್ನೊಂದು ರಾತ್ರಿ ಎಸಿ ಹಾಕಿ ಓಡಿಸಿ ತಂದು ನಿಲ್ಲಿಸಿ. ಎಸಿ ಹಾಕಿದ ದಿನ ಮಾತ್ರ ಮುಂದಿನ ಎಡಸೀಟಿನ ಕಾಲಿನ ಭಾಗದ ಕೆಳಗೆ ತೇವ ಬಂದು, ಅದು ಬರೀ ನೀರಾಗಿದ್ದರೆ ಅಲ್ಲಿಗೆ ಮುಗಿಯಿತು. ಅದು ಎಸಿ ಹೊರಹಾಕುವ ನೀರು, ಹಾಗೆ ಬೀಳಲೇಬೇಕು. ಬೇಸಿಗೆಯಲ್ಲಿ ಎಸಿ ಹಾಕಿಯೂ ಹೊರಗೆ ಒಂದು ಹನಿ ಬೀಳದೆ ಒಳಗಿನ ಕಾರ್ಪೆಟ್ ಒದ್ದೆಯಾಗುತ್ತಿದ್ದರೆ ಆ ನೀರು ಹೋಗುವ ಕೊಳವೆ ಕಟ್ಟಿದೆ. ಮುಂಜಾನೆ ಸೈಲೆನ್ಸರಿನ ತುದಿಯಿಂದ ಬೀಳುವ ನಾಲ್ಕು ಹನಿ ನೀರಿನ ಬಗ್ಗೆಯೂ ಚಿಂತೆ ಬೇಡ.

ಹಂತ 2: ಹನಿ ಯಾವುದು ಎಂದು ಗುರುತಿಸುವುದು

ನೆಲದ ಕಲೆ ನೋಡಿ ಬಣ್ಣ ಹೇಳಬೇಡಿ; ನೆಲಕ್ಕೆ ಬಿದ್ದ ಯಾವ ದ್ರವವೂ ಧೂಳು ಸೇರಿ ಕಪ್ಪೇ ಆಗುತ್ತದೆ. ಕಾರಿನ ತಳಕ್ಕೆ ತೂಗುತ್ತಿರುವ ಹಸಿ ಹನಿಯನ್ನು ಎಂಜಿನ್ ತಣ್ಣಗಿರುವಾಗ ಬಿಳಿ ಟಿಶ್ಯೂ ಕಾಗದಕ್ಕೆ ಒತ್ತಿ ತೆಗೆದುಕೊಳ್ಳಿ. ಹಗಲು ಬೆಳಕಿನಲ್ಲಿ ನೋಡಿ, ಮೂಸಿ, ಕೈಗವಸಿನ ಎರಡು ಬೆರಳ ನಡುವೆ ತಿಕ್ಕಿ. ನಾಲಿಗೆಗೆ ಮಾತ್ರ ತಾಗಿಸಬೇಡಿ. ಎಂಜಿನ್ ತಣಿಸಲು ರೇಡಿಯೇಟರಿಗೆ ಹಾಕುವ ಕೂಲಂಟ್ ಸಿಹಿ ವಿಷ.

ಎಂಜಿನ್ ಆಯಿಲ್ ಹೊಸದಿದ್ದರೆ ಜೇನಿನ ಬಣ್ಣ, ಹಳೆಯದಾದರೆ ಕಪ್ಪು. ಡೀಸೆಲ್ ಕಾರಿನಲ್ಲಿ ಆಯಿಲ್ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಗೇರ್ ಆಯಿಲ್ ಅದಕ್ಕಿಂತ ಗಟ್ಟಿ. ಅದರ ಗಂಧಕದ ನಾತ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಪವರ್ ಸ್ಟೀರಿಂಗ್ ಆಯಿಲ್ ಹೆಚ್ಚಾಗಿ ಕೆಂಪು, ಹಳತಾದಂತೆ ಕಂದು. ಆದರೆ ಸ್ಟೀರಿಂಗ್ ವಿದ್ಯುತ್ ಮೋಟಾರಿನದಾಗಿದ್ದರೆ, ಅಥವಾ ಹಳೆಯ 800ರಂತೆ ಬರೀ ಕೈಬಲದ್ದಾಗಿದ್ದರೆ, ಆ ಎಣ್ಣೆಯೇ ಇರುವುದಿಲ್ಲ. ಬ್ರೇಕ್ ಆಯಿಲ್ ತಿಳಿ ಹಳದಿಯಿಂದ ಕಂದಿನ ತನಕ ಇರುತ್ತದೆ, ತೆಳು, ಜಾರುತ್ತದೆ, ಬಣ್ಣ ಹಚ್ಚಿದ ಜಾಗಕ್ಕೆ ಬಿದ್ದರೆ ಬಣ್ಣವನ್ನೇ ಎಬ್ಬಿಸುತ್ತದೆ. ಕೂಲಂಟ್ ಹಸಿರು, ಗುಲಾಬಿ ಅಥವಾ ನೀಲಿ. ಸಿಹಿ ವಾಸನೆ, ಸ್ವಲ್ಪ ಅಂಟು.

ಅನುಮಾನ ಉಳಿದರೆ ಲೋಟದ ಪರೀಕ್ಷೆ ಮಾಡಿ. ಕಾಗದದ ಲೋಟದಲ್ಲಿ ನೀರು ಹಾಕಿ ಒಂದು ಹನಿ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಸ್ಟೀರಿಂಗ್ ಆಯಿಲ್, ಪೆಟ್ರೋಲ್, ಡೀಸೆಲ್ ಮೇಲೆ ತೇಲುತ್ತವೆ. ಕೂಲಂಟ್ ಮತ್ತು ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಹೋಗುತ್ತವೆ. 'ಎಣ್ಣೆಯಂತೆ ಜಾರುತ್ತಿದೆ, ಹಾಗಾಗಿ ಎಂಜಿನ್ನಿನದೇ' ಎಂದು ಬ್ರೇಕ್ ಸೋರಿಕೆಯನ್ನು ಕಡೆಗಣಿಸುವ ಅಪಾಯ ಇದರಿಂದ ತಪ್ಪುತ್ತದೆ.

ಇಲ್ಲಿ ನಮ್ಮವರು ಎಡವುವ ದೊಡ್ಡ ಕಲ್ಲೆಂದರೆ ರೇಡಿಯೇಟರಿಗೆ ಹಾಕುವ ಬರೀ ನೀರು. ಕೂಲಂಟ್ ದುಬಾರಿ ಎಂದು ವರ್ಷಗಟ್ಟಲೆ ಬೋರಿನ ನೀರನ್ನೇ ತುಂಬಿಸಿರುವ ಕಾರುಗಳು ಗದಗ, ಹಾವೇರಿ ಕಡೆ ಬೇಕಾದಷ್ಟಿವೆ. ಅಂಥ ಕಾರು ಸೋರಿದರೆ ಬೀಳುವುದೂ ಬಣ್ಣವಿಲ್ಲದ ನೀರೇ, ಮಾಲೀಕರು ಅದನ್ನು ಎಸಿ ನೀರೆಂದು ತಳ್ಳಿಹಾಕುತ್ತಾರೆ, ಒಂದು ದಿನ ಎಂಜಿನ್ ಕಾದು ನಿಲ್ಲುತ್ತದೆ. ವ್ಯತ್ಯಾಸ ಹೇಳುವುದು ಕಷ್ಟವಲ್ಲ. ರೇಡಿಯೇಟರಿನ ನೀರು ಎಸಿ ಹಾಕದ ದಿನವೂ ಬೀಳುತ್ತದೆ, ಟಿಶ್ಯೂ ಮೇಲೆ ತುಕ್ಕಿನ ಛಾಯೆ ಬಿಡುತ್ತದೆ, ಸೋರಿದ ಜಾಗದಲ್ಲಿ ಒಣಗಿದ ಮೇಲೆ ಗಡಸು ನೀರಿನ ಬಿಳಿ ಹಕ್ಕಳೆ ಕಟ್ಟುತ್ತದೆ. ಎಸಿ ನೀರು ಗಾಳಿಯ ತೇವವೇ ಹನಿಯಾದದ್ದು, ಹಕ್ಕಳೆ ಕಟ್ಟುವುದಿಲ್ಲ.

ಹಂತ 3: ಮಟ್ಟ ನೋಡಿ ಗುರುತು ಹಾಕುವುದು

ಹನಿ ಯಾವುದೆಂದು ನೀವು ಊಹಿಸಿದ್ದನ್ನು ಈಗ ಡಬ್ಬಿಗಳು ದೃಢಪಡಿಸಬೇಕು. ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಬ್ರೇಕ್ ಆಯಿಲ್, ಕೂಲಂಟ್, ಸ್ಟೀರಿಂಗ್ ಆಯಿಲ್, ಕನ್ನಡಿ ತೊಳೆಯುವ ನೀರು, ಈ ಡಬ್ಬಿಗಳ ಹೊರಗೆ ಇವತ್ತಿನ ಮಟ್ಟಕ್ಕೆ ಸರಿಯಾಗಿ ಟೇಪಿನ ಎಳೆ ಅಂಟಿಸಿ ದಿನಾಂಕ ಬರೆಯಿರಿ. ವಾರ ಬಿಟ್ಟು ಯಾವುದು ಇಳಿದಿದೆ ನೋಡಿ.

ಆಯಿಲ್ ಕಡ್ಡಿಯ ಎರಡು ಗುರುತುಗಳ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಒಂದು ಲೀಟರಿನ ಆಸುಪಾಸು. ಇಪ್ಪತ್ತು-ಮೂವತ್ತು ಹನಿ ಸೇರಿದರೆ ಒಂದು ಮಿಲಿಲೀಟರ್. ರಾತ್ರಿಗೆ ಹತ್ತು ಹನಿಯಂತೆ ತಿಂಗಳಿಡೀ ಬಿದ್ದರೂ ಅರ್ಧ ಚಹಾ ಲೋಟವೂ ತುಂಬುವುದಿಲ್ಲ. ಹಾಗಿದ್ದೂ ಕಡ್ಡಿಯಲ್ಲಿ ಮಟ್ಟ ಗಣನೀಯವಾಗಿ ಇಳಿದಿದ್ದರೆ ಎಣ್ಣೆ ಕಾರು ಓಡುವಾಗ ಹೋಗುತ್ತಿದೆ, ಇಲ್ಲವೇ ಒಳಗೇ ಸುಟ್ಟು ಸೈಲೆನ್ಸರಿನಿಂದ ನೀಲಿ ಹೊಗೆಯಾಗಿ ಹೋಗುತ್ತಿದೆ. ರಟ್ಟಿನ ಮೇಲಿನ ಕಲೆಯ ಗಾತ್ರ ನೋಡಿ ಗಾಬರಿಪಡುವುದೂ ನಿರಾಳವಾಗುವುದೂ ಎರಡೂ ತಪ್ಪು. ಮಟ್ಟವೇ ಸಾಕ್ಷಿ.

ಎರಡು ಎಚ್ಚರಿಕೆ. ಬ್ರೇಕ್ ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್ ಮಟ್ಟ ತಿಂಗಳುಗಳಲ್ಲಿ ಸ್ವಲ್ಪ ಇಳಿಯುವುದು ಸಹಜ; ವಾರದಲ್ಲಿ ಇಳಿದರೆ ಅದು ಸೋರಿಕೆ. ಆಯಿಲ್ ಮಟ್ಟ ಮೇಲಿನ ಗುರುತನ್ನೂ ದಾಟಿದ್ದರೆ ಹೆಚ್ಚಾಗಿ ಸರ್ವಿಸಿನಲ್ಲಿ ಜಾಸ್ತಿ ಸುರಿದಿರುತ್ತಾರೆ, ಆ ಒಂದೇ ಕಾರಣಕ್ಕೆ ಹಳೆಯ ಸೀಲುಗಳು ಸೋರಲು ಶುರುಮಾಡಬಹುದು. ಮೊದಲು ಹೆಚ್ಚಿನದನ್ನು ತೆಗೆಸಿ.

ಹಂತ 4: ತೊಳೆದು ಒಣಗಿಸುವುದು

ಇದನ್ನು ಬಿಟ್ಟವರಿಗೆ ಮುಂದಿನ ಯಾವ ಹಂತವೂ ಫಲ ಕೊಡುವುದಿಲ್ಲ. ವರ್ಷಗಳ ಕೊಳೆಯ ಮೇಲೆ ಹೊಸ ಸೋರಿಕೆ ಹುಡುಕಲು ಆಗದು. ವಾಟರ್ ಸರ್ವಿಸಿಂಗ್ ಕೇಂದ್ರಕ್ಕೆ ಒಯ್ದು ಎಂಜಿನ್ನಿನ ಕೆಳಭಾಗ, ಗೇರ್ ಬಾಕ್ಸ್, ಮುಂದಿನ ಚಕ್ರಗಳ ಒಳಬದಿಯ ಎರೆಮಣ್ಣು ಮತ್ತು ಜಿಡ್ಡು ಪೂರ್ತಿ ತೆಗೆಸಿ. ಅಲ್ಲಿ ಕಾರನ್ನು ಮೇಲೆತ್ತುವ ಲಿಫ್ಟ್ ಇದ್ದರೆ ತೊಳೆಯುವ ಮುಂಚೆ ಒಮ್ಮೆ, ತೊಳೆದ ಮೇಲೆ ಒಮ್ಮೆ ಫೋಟೊ ತೆಗೆದುಕೊಳ್ಳಿ.

ತೊಳೆಯುವವರ ಪಕ್ಕದಲ್ಲಿ ನಿಂತುಕೊಳ್ಳುವುದು ಒಳ್ಳೆಯದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್, ಫ್ಯೂಸ್ ಪೆಟ್ಟಿಗೆ, ಏರ್ ಫಿಲ್ಟರಿನ ಬಾಯಿ, ಇವನ್ನು ಪ್ಲಾಸ್ಟಿಕ್ ಚೀಲದಿಂದ ಕಟ್ಟಬೇಕು, ಅವುಗಳ ಕಡೆಗೆ ಒತ್ತಡದ ನೀರು ಹೋಗಬಾರದು. ಕಾದ ಎಂಜಿನ್ನಿಗೆ ತಣ್ಣೀರು ಹೊಡೆಸಬೇಡಿ. ತೊಳೆದ ಮೇಲೆ ಡೀಸೆಲ್ ಸಿಂಪಡಿಸಿ ಹೊಳಪು ಬರಿಸುವ ಪದ್ಧತಿ ಕೆಲವೆಡೆ ಇದೆ. ಈ ಸಲ ಅದು ಬೇಡವೆಂದು ಸ್ಪಷ್ಟವಾಗಿ ಹೇಳಿ. ಹಾಕಿಸಿಕೊಂಡರೆ ಪತ್ತೆ ಕೆಲಸ ಅಲ್ಲಿಗೇ ಹಾಳು.

ಪೂರ್ತಿ ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರ್ ಊದಿ: ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಅಂಚು, ಆಯಿಲ್ ಫಿಲ್ಟರಿನ ಸುತ್ತ, ಚೇಂಬರಿನ ಜೋಡಣೆಯ ಗೆರೆ, ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗ. ಬೆಲ್ಟುಗಳ ಮೇಲೆ ಬೀಳದಿರಲಿ. ಮರುದಿನ ಟಾರ್ಚ್ ಹಿಡಿದರೆ ಬಿಳಿ ಪುಡಿಯ ನಡುವೆ ಎಣ್ಣೆ ಇಳಿದ ಜಾಡು ಕೂದಲೆಳೆಯಷ್ಟಿದ್ದರೂ ಕಾಣುತ್ತದೆ. ಎಳೆ ಮೇಲೆ ಎಲ್ಲಿ ಶುರುವಾಗಿದೆಯೋ ಅಲ್ಲಿ ಬೆರಳಿಡಿ.

ಪುಡಿಗೂ ಸಿಗದ ಸೋರಿಕೆಗೆ ಎಂಜಿನ್ ಆಯಿಲ್‌ಗೆ ಬೆರೆಸುವ ಹೊಳೆಯುವ ಬಣ್ಣ ಮತ್ತು ಯುವಿ ಟಾರ್ಚ್ ಸಿಗುತ್ತವೆ. ಒಂದೆರಡು ದಿನ ಓಡಿಸಿ ಕತ್ತಲಲ್ಲಿ ನೋಡಿದರೆ ಸೋರುವ ಜಾಗ ಹಸಿರು-ಹಳದಿಯಾಗಿ ಮಿನುಗುತ್ತದೆ. ಆದರೆ ಬಣ್ಣ ಬೆರೆಸುವುದೂ ತೊಳೆದ ಮೇಲೆಯೇ.

ಹಂತ 5: ಮೂರು ಸ್ಥಿತಿಯಲ್ಲಿ ನೋಡುವುದು

*ತಣ್ಣಗೆ, ಎಂಜಿನ್ ಆರಿದ್ದಾಗ.* ರಾತ್ರಿಯಿಡೀ ನಿಂತ ಕಾರು ಮುಂಜಾನೆ ತೇವವಾಗಿದ್ದರೆ ಅದು ತೂಕಕ್ಕೆ ಇಳಿಯುವ ಸೋರಿಕೆ: ಹಳೆಯ ಎಣ್ಣೆ ಬಸಿಯುವ ಡ್ರೇನ್ ಬೋಲ್ಟ್, ಚೇಂಬರ್ ಪ್ಯಾಕಿಂಗ್, ಗೇರ್ ಬಾಕ್ಸಿನ ಆಕ್ಸಲ್ ಸೀಲ್. ಧಾರವಾಡದ ಚಳಿಗಾಲದ ಮುಂಜಾನೆಯಲ್ಲಿ ಮಾತ್ರ ಸೋರಿ ಬಿಸಿಯಾದ ಮೇಲೆ ನಿಲ್ಲುವ ಕೂಲಂಟ್ ಇದ್ದರೆ ಹೋಸ್ ಪೈಪಿನ ಕ್ಲಿಪ್ ಸಡಿಲ ಅಥವಾ ರಬ್ಬರ್ ಗಟ್ಟಿಯಾಗಿದೆ.

*ನಿಂತಲ್ಲೇ ಎಂಜಿನ್ ಚಾಲೂ.* ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬಯಲಿನಲ್ಲಿ ಚಾಲೂ ಮಾಡಿ. ಈಗ ಒತ್ತಡದಲ್ಲಿ ಬರುವ ಎಣ್ಣೆ ಕಾಣುತ್ತದೆ: ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಫಿಲ್ಟರ್. ಬೆಲ್ಟಿನ ಹತ್ತಿರ ಬಾಗುವಾಗ ಪಂಚೆ, ಸೆರಗು, ವೇಲ್ ಬಿಗಿಯಾಗಿ ಕಟ್ಟಿಕೊಂಡಿರಿ. ರೇಡಿಯೇಟರ್ ಫ್ಯಾನ್ ಕೆಲವು ಕಾರುಗಳಲ್ಲಿ ಚಾವಿ ತೆಗೆದ ಮೇಲೂ ತಾನಾಗಿ ತಿರುಗುತ್ತದೆ, ಅಲ್ಲಿ ಬೆರಳು ಬೇಡ.

*ಓಡಿಸಿ ಬಂದ ಮೇಲೆ.* ಹುಬ್ಬಳ್ಳಿಯ ವಿದ್ಯಾನಗರದಿಂದ ನವನಗರದ ತನಕ ಹೋಗಿ ಬಂದರೆ ಎಂಜಿನ್ ಪೂರ್ತಿ ಬಿಸಿಯಾಗಿರುತ್ತದೆ. ಬಂದ ಕೂಡಲೇ ರಟ್ಟಿನ ಮೇಲೆ ನಿಲ್ಲಿಸಿ ಬಾನೆಟ್ ಎತ್ತಿ, ಏನನ್ನೂ ಮುಟ್ಟದೆ ನೋಡಿ, ಕೇಳಿ, ಮೂಸಿ. ಎಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಕೂಲಂಟಿನ ಬಿಸಿ ಏರುತ್ತದೆ, ಆಗಲೇ ಸಣ್ಣ ಸೀಳುಗಳು ಬಾಯಿಬಿಡುವುದು. ಸುಟ್ಟ ಎಣ್ಣೆಯ ವಾಸನೆ ಬಂದರೆ ಟ್ಯಾಪೆಟ್ ಕವರಿನಿಂದ ಇಳಿದದ್ದು ಎಂಜಿನ್ನಿಗೆ ಜೋಡಿಸಿದ ಬಿಸಿ ಸೈಲೆನ್ಸರ್ ಕೊಳವೆಗೆ ತಗಲುತ್ತಿದೆ.

ಹಂತ 6: ಹನಿಯಿಂದ ಮೇಲಕ್ಕೆ ಹತ್ತುವುದು

ನಿಯಮ ಇಷ್ಟೇ: ತೇವ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮತ್ತು ಎಲ್ಲಕ್ಕಿಂತ ಮುಂದಿನದು ಯಾವುದು? ಅದರ ಮೇಲೆ ಒಣಗಿದ್ದು ಅದರ ಕೆಳಗೆ ಒದ್ದೆ ಇದ್ದರೆ ಮೂಲ ಸಿಕ್ಕಿತು.

*ಎಂಜಿನ್ ಆಯಿಲ್.* ಮೇಲಿನಿಂದ ಶುರುಮಾಡಿ. ಆಯಿಲ್ ಸುರಿಯುವ ಮುಚ್ಚಳ, ಟ್ಯಾಪೆಟ್ ಕವರ್ ಪ್ಯಾಕಿಂಗ್, ಡಿಸ್ಟ್ರಿಬ್ಯೂಟರ್ ಎಂಜಿನ್ನಿಗೆ ಸೇರುವ ಕಡೆಯ ರಬ್ಬರ್ ರಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್, ಆಮೇಲೆ ಬೆಲ್ಟಿನ ಬದಿಯಲ್ಲಿ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡದ) ಸೀಲ್, ಕೊನೆಗೆ ಚೇಂಬರ್. ಹಳೆಯ ಕಾರುಗಳಲ್ಲಿ ಟ್ಯಾಪೆಟ್ ಕವರೇ ಹೆಚ್ಚು ಸಲ ಸಿಕ್ಕಿಬೀಳುತ್ತದೆ, ಅದೃಷ್ಟಕ್ಕೆ ರಿಪೇರಿಯೂ ಅಗ್ಗ. ಆಯಿಲ್ ಬದಲಿಸಿದ ಮರುದಿನವೇ ಸೋರಿಕೆ ಶುರುವಾಗಿದ್ದರೆ ಹುಡುಕಾಟ ಬೇಕಿಲ್ಲ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಅದರ ಮೇಲೆ ಹೊಸದು ಕೂತಿದೆಯೇ, ಡ್ರೇನ್ ಬೋಲ್ಟಿನ ವಾಷರ್ ಹಳೆಯದೇ ಹಾಕಿದ್ದಾರೆಯೇ ಎಂದು ನೋಡಿ.

*ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದಿಂದ ಹನಿ.* ಇಲ್ಲಿ ಮೂಗು ಬೇಕು. ಗಂಧಕದ ನಾತ ಇದ್ದರೆ ಗೇರ್ ಬಾಕ್ಸಿನ ಸೀಲ್, ಇಲ್ಲದಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್. ಎರಡರಲ್ಲಿ ಯಾವುದೇ ಆದರೂ ಗೇರ್ ಬಾಕ್ಸ್ ಇಳಿಸಲೇಬೇಕು, ಕೂಲಿ ಜಾಸ್ತಿ. ಆದ್ದರಿಂದ ಹೌದೆನ್ನುವ ಮೊದಲು ಟ್ಯಾಪೆಟ್ ಕವರಿನ ಹಿಂಬದಿ ಒಣಗಿದೆಯೇ ಎಂದು ಕನ್ನಡಿ ಹಿಡಿದು ನೋಡಿ. ಅಲ್ಲಿಂದ ಇಳಿದ ಎಣ್ಣೆಯೂ ಇದೇ ಜಾಗದಲ್ಲಿ ಹನಿಯುತ್ತದೆ. ನನ್ನ ಮಟ್ಟಿಗೆ, ಗೇರ್ ಬಾಕ್ಸ್ ಇಳಿಸುವ ಸಲಹೆಯನ್ನು ಪುಡಿ ಹಾಕಿ ನೋಡದೆ ಒಪ್ಪಿಕೊಳ್ಳಲೇಬಾರದು. ಕ್ಲಚ್ ಜಾರುತ್ತಿದ್ದರೆ, ಅಂದರೆ ಎಂಜಿನ್ ಸದ್ದು ಏರಿದರೂ ಕಾರು ಓಡದಿದ್ದರೆ, ಆಗ ಎಣ್ಣೆ ಕ್ಲಚ್ ಪ್ಲೇಟಿಗೇ ಹೋಗಿರಬಹುದು, ಇಳಿಸುವುದು ಅನಿವಾರ್ಯ.

*ಚಕ್ರದ ಒಳಬದಿ ಒದ್ದೆ.* ಮುಂದಿನ ಚಕ್ರದಲ್ಲಿ ದಪ್ಪ ಕಪ್ಪು ಗ್ರೀಸ್ ಎರಚಿದ್ದರೆ ಆಕ್ಸಲ್ ಜಾಯಿಂಟಿನ ರಬ್ಬರ್ ಹೊದಿಕೆ, ಅಂದರೆ ಆಕ್ಸಲ್ ಬೂಟ್, ಹರಿದಿದೆ. ಧೂಳು ಒಳಸೇರುವ ಮೊದಲೇ ಬದಲಿಸಿದರೆ ಬೂಟಿನ ಖರ್ಚಿಗೆ ಮುಗಿಯುತ್ತದೆ, ತಡಮಾಡಿದರೆ ಆಕ್ಸಲ್ ಜಾಯಿಂಟೇ ಹೋಗುತ್ತದೆ. ಶಾಕ್ ಅಬ್ಸಾರ್ಬರಿನ ಮೈ ಮಾತ್ರ ಒದ್ದೆಯಾಗಿದ್ದರೆ ಅದರದೇ ಎಣ್ಣೆ. ಮುಂದಿನ ಚಕ್ರಗಳಿಂದ ಓಡುವ ಕಾರಿನ ಹಿಂದಿನ ಚಕ್ರಕ್ಕೆ ಗೇರ್ ಆಯಿಲ್ ಹೋಗುವ ದಾರಿಯೇ ಇಲ್ಲ. ಹಾಗಾಗಿ ಅಲ್ಲಿ ಡ್ರಮ್ಮಿನಿಂದ ತೆಳು ದ್ರವ ಇಳಿದು ಟೈರಿನ ಒಳಬದಿ ಒದ್ದೆಯಾಗಿದ್ದರೆ ಬ್ರೇಕಿನ ವೀಲ್ ಸಿಲಿಂಡರ್ ಎಂದೇ ತಿಳಿಯಿರಿ, ಕಾರು ನಿಲ್ಲಿಸಿ. ಓಮ್ನಿ, ಅಂಬಾಸಿಡರಿನಲ್ಲಿ ಮಾತ್ರ ಹಿಂದಿನ ಆಕ್ಸಲ್ ಸೀಲಿನಿಂದ ಡಿಫರೆನ್ಷಿಯಲ್ (ಹಿಂದಿನ ಆಕ್ಸಲಿನ ಗೇರುಗಳ) ಎಣ್ಣೆಯೂ ಬರಬಹುದು. ಲೋಟದ ಪರೀಕ್ಷೆ ಎರಡನ್ನೂ ಬೇರ್ಪಡಿಸುತ್ತದೆ, ಆದರೆ ಎಣ್ಣೆ ಬ್ರೇಕ್ ಲೈನರಿಗೆ ತಾಗಿದರೆ ಎರಡೂ ಅಷ್ಟೇ ಅಪಾಯ. ಹೊರಗೆಲ್ಲೂ ಕಲೆಯಿಲ್ಲದೆ ಬ್ರೇಕ್ ಆಯಿಲ್ ಇಳಿಯುತ್ತಿದ್ದರೆ ಬ್ರೇಕ್ ಆಯಿಲ್ ಡಬ್ಬಿಯ ಕೆಳಗಿರುವ ಮಾಸ್ಟರ್ ಸಿಲಿಂಡರಿನ ಹಿಂದೆ ಮತ್ತು ಪೆಡಲಿನ ಮೇಲ್ಭಾಗದಲ್ಲಿ ಕೈಯಾಡಿಸಿ.

*ಕೂಲಂಟ್.* ರೇಡಿಯೇಟರಿನ ಜಾಲರಿ, ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳ ತುದಿ, ಥರ್ಮೋಸ್ಟಾಟ್ ಇರುವ ಗೂಡು, ವಾಟರ್ ಪಂಪ್. ವಾಟರ್ ಪಂಪಿನ ಮೈಯಲ್ಲಿ ಸಣ್ಣದೊಂದು ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ತಿಳಿಯಲೆಂದೇ ಅದನ್ನು ಇಟ್ಟಿರುವುದು. ಅದರ ಕೆಳಗೆ ಬಿಳಿ ಅಥವಾ ಹಸಿರು ಗೆರೆ ಒಣಗಿ ಕೂತಿದ್ದರೆ ಪಂಪಿನ ಆಯುಷ್ಯ ಮುಗಿದಿದೆ. ಆ ತೂತಿಗೆ ಎಂ-ಸೀಲ್ ತುಂಬಿಸಿ ಮುಚ್ಚಿದ ಪಂಪುಗಳನ್ನು ಕಂಡಿದ್ದೇನೆ. ಅದರಿಂದ ನೀರು ನಿಲ್ಲುವುದಿಲ್ಲ, ಬೇರಿಂಗಿಗೆ ನುಗ್ಗುತ್ತದೆ.

*ಪೆಟ್ರೋಲ್, ಡೀಸೆಲ್.* ಹಳೆಯ ಕಾರಿನ ರಬ್ಬರ್ ಪೈಪುಗಳು ವಯಸ್ಸಿಗೆ ಬಿರಿಯುತ್ತವೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್ ಇದೆ, ಅದಕ್ಕೆಂದು ತಯಾರಾಗದ ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲ. ಅಮರಗೋಳದ ಎಪಿಎಂಸಿಯಂಥ ಕಾಳುಕಡಿಯ ಗೋದಾಮುಗಳ ಬಳಿ ಕಾರು ನಿಲ್ಲಿಸುವವರು ಇಲಿಯ ಹಲ್ಲಿನ ಗುರುತನ್ನೂ ಹುಡುಕಬೇಕು. ಡೀಸೆಲ್ ಕಾರಿನಲ್ಲಿ ಇಂಜೆಕ್ಟರುಗಳಿಂದ ಮರಳುವ ತೆಳು ಪೈಪುಗಳು ಮೊದಲ ಅನುಮಾನಿತರು. ಡೀಸೆಲ್ ಸೋರಿದ ಜಾಗ ಜಿಡ್ಡು ತೊಳೆದು ಸ್ವಚ್ಛವಾಗಿ ಹೊಳೆಯುತ್ತಿರುತ್ತದೆ. ಮುಂಜಾನೆ ಚಾಲೂ ಆಗಲು ಸತಾಯಿಸುವುದೂ ಜತೆಗಿದ್ದರೆ ಅದೇ ದಾರಿಯಲ್ಲಿ ಗಾಳಿ ಒಳಹೋಗುತ್ತಿದೆ.

ಹಂತ 7: ಕೂಲಂಟ್ ಇಳಿಯುತ್ತಿದೆ, ಕಲೆ ಮಾತ್ರ ಇಲ್ಲ

ಮೂರು ದಾರಿಗಳಿವೆ. ಮೊದಲನೆಯದು ರೇಡಿಯೇಟರ್ ಮುಚ್ಚಳವೇ: ರಬ್ಬರ್ ಬಿರಿದಿದ್ದರೆ ಒತ್ತಡ ನಿಲ್ಲದೆ ಕೂಲಂಟ್ ಪಕ್ಕದ ಡಬ್ಬಿಗೆ ಉಕ್ಕಿ ಹೊರಹೋಗುತ್ತದೆ. ಅಗ್ಗದ ವಸ್ತು, ಮೊದಲು ಇದನ್ನೇ ಬದಲಿಸಿ ನೋಡಿ. ಅಳತೆ ಮಾತ್ರ ಹಳೆಯದರಷ್ಟೇ ಇರಲಿ. ಎರಡನೆಯದು ಹೀಟರ್: ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡಿನ ಮಂಜು, ಕಾರ್ಪೆಟ್ ಅಂಟಂಟು.

ಮೂರನೆಯದು ದುಬಾರಿಯದು, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್). ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತ ಬಣ್ಣ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಎಂಜಿನ್ ಚಾಲೂ ಇದ್ದಾಗ ಕೂಲಂಟ್ ಡಬ್ಬಿಯಲ್ಲಿ ನಿಲ್ಲದೆ ಏಳುವ ಗುಳ್ಳೆಗಳು. ಇವು ಕಂಡರೆ ಓಡಿಸುವುದನ್ನು ನಿಲ್ಲಿಸಿ. ಆಯಿಲ್ ಸುರಿಯುವ ಮುಚ್ಚಳದ ಅಡಿ ಮಾತ್ರ ಬಿಳಿ ಕೆನೆ ಇದ್ದು ಕಡ್ಡಿ ಸ್ವಚ್ಛವಿದ್ದರೆ ಹೆದರಬೇಡಿ, ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಕಾರಿನಲ್ಲಿ ಅದು ತೇವದಿಂದ ಆಗುವುದುಂಟು. ಯಾವುದೂ ಸ್ಪಷ್ಟವಾಗದಿದ್ದರೆ ಪ್ರೆಶರ್ ಟೆಸ್ಟರ್ ಇಟ್ಟುಕೊಂಡಿರುವ ಗ್ಯಾರೇಜಿಗೆ ಹೋಗಿ. ತಣ್ಣಗಿನ ಎಂಜಿನ್ನಿನ ರೇಡಿಯೇಟರಿಗೆ ಪಂಪಿನಿಂದ ಗಾಳಿಯ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ.

ಹಂತ 8: ಗ್ಯಾರೇಜಿಗೆ ಹೋಗುವಾಗ

'ಆಯಿಲ್ ಸೋರುತ್ತಿದೆ, ನೋಡಿ' ಎಂದರೆ ಅವರು ಮತ್ತೆ ಕೆಳಗಿನಿಂದಲೇ ಶುರುಮಾಡುತ್ತಾರೆ. ಫೋಟೊ ತೋರಿಸಿ ಹೀಗೆ ಹೇಳಿ: 'ಮಿಸ್ತ್ರಿಯವರೇ, ತೊಳೆಸಿ ಪುಡಿ ಹಾಕಿ ನೋಡಿದ್ದೇನೆ. ಡಿಸ್ಟ್ರಿಬ್ಯೂಟರಿನ ಕೆಳಗಿನಿಂದ ಎಳೆ ಇಳಿದಿದೆ, ಅದರ ಮೇಲೆ ಒಣಗಿದೆ. ವಾರಕ್ಕೆ ಕಡ್ಡಿಯಲ್ಲಿ ಇಷ್ಟು ಇಳಿಯುತ್ತದೆ.' ಒಳ್ಳೆಯ ಮಿಸ್ತ್ರಿ ಇದನ್ನು ಅಧಿಕಪ್ರಸಂಗ ಎಂದುಕೊಳ್ಳುವುದಿಲ್ಲ, ಅವನ ಅರ್ಧ ದಿನ ಉಳಿಯುತ್ತದೆ.

ಎಂಜಿನ್ ಆಯಿಲ್ ಒಂದಕ್ಕಿಂತ ಹೆಚ್ಚು ಜಾಗದಿಂದ ಬರುತ್ತಿದ್ದರೆ ಸೀಲ್ ಬದಲಿಸುವ ಮೊದಲು ಎಂಜಿನ್ನಿನ ಉಸಿರು ಹೊರಹೋಗುವ ದಾರಿ ನೋಡಲು ಹೇಳಿ: ಪಿಸಿವಿ ವಾಲ್ವ್ ಮತ್ತು ಬ್ರೀದರ್ ಪೈಪ್. ಅದು ಮಸಿಯಿಂದ ಕಟ್ಟಿದರೆ ಒಳಗಿನ ಒತ್ತಡ ದಾರಿ ಕಾಣದೆ ದುರ್ಬಲವಾದ ಸೀಲಿನಿಂದ ಎಣ್ಣೆಯನ್ನು ತಳ್ಳುತ್ತದೆ. ಹೊಸ ಸೀಲ್ ಹಾಕಿದರೆ ಪಕ್ಕದ ಹಳೆಯದು ಸೋರುತ್ತದೆ. ಪದೇ ಪದೇ ಪ್ಯಾಕಿಂಗ್ ಬದಲಿಸಿ ಬೇಸತ್ತ ಕಾರುಗಳಲ್ಲಿ ನೋಡದೆ ಉಳಿದಿರುವುದು ಈ ಪೈಪೇ.

ಟ್ಯಾಪೆಟ್ ಕವರಿನ ಬೋಲ್ಟನ್ನು 'ಇನ್ನೊಂದು ಸುತ್ತು' ಬಿಗಿ ಮಾಡಿಸಬೇಡಿ, ಪ್ಯಾಕಿಂಗ್ ನಡುವೆ ಉಬ್ಬಿ ಹೊರಬಂದು ಸೋರಿಕೆ ಹೆಚ್ಚುತ್ತದೆ. ರೇಡಿಯೇಟರಿಗೆ ಅರಿಸಿನ ಹಾಕುವುದು, ಪೆಟ್ರೋಲ್ ಟ್ಯಾಂಕಿನ ಬಿರುಕಿಗೆ ಸಾಬೂನು ತಿಕ್ಕುವುದು ಲಾರಿ ಚಾಲಕರು ನಡುದಾರಿಯಲ್ಲಿ ಮಾಡುವ ತಾತ್ಕಾಲಿಕ ಉಪಾಯಗಳು. ಅರಿಸಿನ ಸೀಳನ್ನಷ್ಟೇ ಅಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವಗಳದೂ ಹೆಚ್ಚುಕಡಿಮೆ ಇದೇ ಕಥೆ.

ಯಾವುದು ಕಾಯಬಹುದು? ಟ್ಯಾಪೆಟ್ ಕವರಿನ ಅಂಚು ಬರೀ ಬೆವರಿದಂತಿದ್ದು ಮಟ್ಟ ಇಳಿಯದಿದ್ದರೆ ಮುಂದಿನ ಸರ್ವಿಸಿನ ತನಕ ಬಿಡಬಹುದು. ಗೇರ್ ಆಯಿಲ್‌ಗೆ ಕಡ್ಡಿ ಇರದ ಕಾರುಗಳೇ ಹೆಚ್ಚು, ಕಡಿಮೆಯಾದದ್ದು ಗೊತ್ತಾಗುವುದು ಗೇರ್ ಬಾಕ್ಸ್ ಕಿರುಚಿದ ಮೇಲೆ. ಆದ್ದರಿಂದ ಮಿಸ್ತ್ರಿಯಿಂದ ಮಟ್ಟ ನೋಡಿಸಿಯೇ ಕಾಯಿರಿ. ಕೂಲಂಟ್ ವಾರದೊಳಗೆ, ಬ್ರೇಕ್ ಮತ್ತು ಪೆಟ್ರೋಲ್ ಇವತ್ತೇ.

ಹೊರತೆಗೆದ ಕೂಲಂಟನ್ನು ಗಟಾರಕ್ಕೋ ರಸ್ತೆಗೋ ಚೆಲ್ಲಲು ಬಿಡಬೇಡಿ. ಸಿಹಿಯೆಂದು ನಾಯಿ, ದನ ನೆಕ್ಕುತ್ತವೆ, ಅದು ಅವುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತದೆ.

ರಿಪೇರಿಯಾದ ಮೇಲೆ ಸಂದುಗಳಲ್ಲಿ ಉಳಿದ ಹಳೆಯ ಎಣ್ಣೆ ಒಂದೆರಡು ದಿನ ಹನಿಯುವುದುಂಟು, ಅಷ್ಟಕ್ಕೇ ಗ್ಯಾರೇಜಿಗೆ ಜಗಳಕ್ಕೆ ಹೋಗಬೇಡಿ. ಕೆಲಸ ಮಾಡಿದ ಜಾಗವನ್ನು ಒರೆಸಿ ಮತ್ತೆ ಪುಡಿ ಹಾಕಿ, ನೂರಿನ್ನೂರು ಕಿಲೋಮೀಟರ್ ಓಡಿಸಿ ನೋಡಿ. ಅದೇ ಜಾಗ ಒದ್ದೆಯಾದರೆ ಕೆಲಸ ಸರಿಯಾಗಿಲ್ಲ, ಫೋಟೊ ಸಮೇತ ಹಿಂತಿರುಗಿ. ಬೇರೆ ಜಾಗ ಒದ್ದೆಯಾದರೆ ಬ್ರೀದರ್ ಪೈಪನ್ನು ಇನ್ನೊಮ್ಮೆ ನೋಡಿಸಿ, ಆಮೇಲೆ ನಾಲ್ಕನೆಯ ಹಂತದಿಂದ ಮತ್ತೆ ಶುರುಮಾಡಿ.